ಇಂತಿ, ಮಗುವಿನ ತಾಯಿ

ಪರೀಕ್ಷೆಗೆ ಇನ್ನು ಒಂಬತ್ತು ವಾರ ಇದೆ ಅನ್ನುವಾಗ ದೊಡ್ಡವಳ ಶಾಲೆಯಿಂದ ಚೀಟಿ ಬಂತು. ಹೆತ್ತವರು ಬಂದು ಕಾಣದಿದ್ದರೆ ಹತ್ತನೇ ತರಗತಿಯ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಅದರಲ್ಲಿತ್ತು. ಅದನ್ನು ಓದಿ ಹೇಳಿದವಳೂ ದೊಡ್ಡವಳೇ. ಓದಿ, ಮಡಚಿ, ಅಮ್ಮನ ಕೈಗೆ ಕೊಟ್ಟು, ಪಾತ್ರೆ ತೊಳೆಯಲು ಹೋದಳು.

ಅಪ್ಪ ಟೈಲ್ಸ್ ಹಾಕುವ ಮೇಸ್ತ್ರಿ. ಕಲಸಿಟ್ಟ ಸಿಮೆಂಟು ಬಿಟ್ಟು ಬರುವ ಹಾಗಿರಲಿಲ್ಲ. ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಪಾಳಿ, ಬೆಳಿಗ್ಗೆ ಬಿಡುವು. ಅವಳೇ ಹೋದಳು.

ಮೇಷ್ಟ್ರು ಹಾಜರಿ ಪುಸ್ತಕ ತೆಗೆದಿಟ್ಟುಕೊಂಡೇ ಕೂತಿದ್ದರು.

"ಈ ವರ್ಷ ಐವತ್ತೆಂಟು ದಿನ ನಿಮ್ಮ ಮಗಳು ಶಾಲೆಗೆ ಬಂದಿಲ್ಲ. ಎಲ್ಲಿ ಹೋಗ್ತಿದ್ಲು?"

"ಎಲ್ಲಿಗೂ ಹೋಗಿಲ್ಲ ಸಾರ್. ಮನೇಲೇ ಇದ್ಲು."

"ಮನೇಲಿ ಏನ್ ಮಾಡ್ತಿದ್ಲು?"

ಮೇಷ್ಟ್ರು ಬೆರಳಿಟ್ಟು ದಿನಗಳನ್ನು ಓದುತ್ತ ಹೋದರು. ಜೂನ್ ತಿಂಗಳಲ್ಲಿ ಒಟ್ಟಿಗೆ ಏಳು ದಿನ. ಅದು ಅತ್ತೆಯ ಕಣ್ಣಿನ ಆಪರೇಷನ್ನು. ಆಗಸ್ಟಿನಲ್ಲಿ ಐದು ದಿನ, ಚಿಕ್ಕವಳಿಗೆ ಜ್ವರ ಬಂದು ಮೈಯೆಲ್ಲಾ ಗುಳ್ಳೆ ಎದ್ದಿತ್ತು. ಅಕ್ಟೋಬರಿನಲ್ಲಿ ಬಿಟ್ಟು ಬಿಟ್ಟು ಹನ್ನೊಂದು ದಿನ. ಲಾಂಡ್ರಿಯಲ್ಲಿ ಇಬ್ಬರು ಕೆಲಸ ಬಿಟ್ಟು ಹೋದದ್ದರಿಂದ ಅವಳು ಎರಡೆರಡು ಪಾಳಿ ಮಾಡಿದ ತಿಂಗಳು. ಮೇಷ್ಟ್ರು ಯಾವ ತಾರೀಖು ಓದಿದರೂ ಆ ದಿನ ಮನೆಯಲ್ಲಿ ಏನು ನಡೆದಿತ್ತು ಎಂದು ಅಮ್ಮನಿಗೆ ಗೊತ್ತಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ಆಗಲಿಲ್ಲ.

"ನೋಡಿಮ್ಮ, ವಯಸ್ಸು ಅಂಥದ್ದು," ಮೇಷ್ಟ್ರು ದನಿ ತಗ್ಗಿಸಿದರು. "ಹುಡುಗರ ಸಹವಾಸ ಏನಾದ್ರೂ...?"

"ಅಯ್ಯೋ, ಇಲ್ಲ ಸಾರ್! ಮೈ ಹುಷಾರಿರ್ಲಿಲ್ಲ ಅವಳಿಗೆ."

"ಐವತ್ತೆಂಟು ದಿನಾನೂ?"

"ಹೂಂ ಸಾರ್."

ಅವರು ನಂಬಲಿಲ್ಲ. ಆದರೂ ಪುಸ್ತಕದಲ್ಲಿ 'ಅನಾರೋಗ್ಯ' ಎಂದು ಬರೆದು, ಅಮ್ಮನಿಂದ ಸಹಿ ಹಾಕಿಸಿಕೊಂಡರು. ಹೆಸರು ಬರೆಯುವಷ್ಟು ಅವಳಿಗೆ ಬರುತ್ತಿತ್ತು. ಹೊರಡುವಾಗ ಸಿದ್ಧತಾ ಪರೀಕ್ಷೆಯ ಅಂಕಪಟ್ಟಿ ಕೈಗಿಟ್ಟರು. ಆರು ವಿಷಯದಲ್ಲಿ ನಾಲ್ಕರ ಕೆಳಗೆ ಕೆಂಪು ಗೆರೆ.

ಆ ವಾರವೇ ಚಿಕ್ಕವಳ ಅಂಕಪಟ್ಟಿಯೂ ಬಂತು. ಅವಳಿಗೆ ಮನೆಯಲ್ಲಿ ಚೂಟಿ ಅಂತ ಹೆಸರು. ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಓದುತ್ತಿದ್ದದ್ದು ದೊಡ್ಡ ಗೇಟಿನ, ಬಸ್ಸಿರುವ, ಇಂಗ್ಲಿಷಿನ ಶಾಲೆ. ಬಡವರ ಮಕ್ಕಳಿಗೆಂದು ಅಲ್ಲಿ ಇಟ್ಟಿದ್ದ ನಾಲ್ಕು ಸೀಟಿಗೆ ಚೀಟಿ ಎತ್ತಿದಾಗ ಒಂದು ಅವಳ ಪಾಲಿಗೆ ಬಂದಿತ್ತು. ಸೇರಿಸುವ ದಿನ ಅಲ್ಲಿನ ದೊಡ್ಡ ಮೇಡಂ ಕೇಳಿದ್ದರು: "ಮನೇಲಿ ಓದಿಸೋರು ಯಾರು?" ಅಮ್ಮ "ನಾನೇ" ಅಂದುಬಿಟ್ಟಿದ್ದಳು. ಪಕ್ಕದಲ್ಲಿ ನಿಂತಿದ್ದ ಹನ್ನೆರಡು ವರ್ಷದ ದೊಡ್ಡವಳು ಅಮ್ಮನ ಮುಖ ನೋಡಿದ್ದಳು. ಆವತ್ತಿನಿಂದ ಓದಿಸುತ್ತಿದ್ದವಳು ಅವಳೇ.

ಭಾನುವಾರ ಅಮ್ಮನಿಗೆ ರಜೆ. ಮಧ್ಯಾಹ್ನ ಅಪ್ಪ ಎರಡೂ ಅಂಕಪಟ್ಟಿಗಳನ್ನು ತಟ್ಟೆಯ ಆಚೀಚೆ ಇಟ್ಟುಕೊಂಡು ಊಟಕ್ಕೆ ಕೂತ.

"ಒಂದೇ ಮನೆ, ಒಂದೇ ಅನ್ನ, ಒಂದೇ ಅಪ್ಪ ಅಮ್ಮ," ಅಂದ. "ಇವಳು ಕ್ಲಾಸಿಗೇ ಮೊದಲು. ಇವಳು ನಾಲ್ಕರಲ್ಲಿ ಡುಮ್ಕಿ. ಅದ್ಹೇಗೆ? ನಂಗೆ ಅರ್ಥ ಮಾಡಿಸಿ ಯಾರಾದ್ರೂ."

"ಉಣ್ಣೋವಾಗ ಯಾಕೆ ಈಗ," ಅಂದಳು ಅಮ್ಮ.

"ಮತ್ಯಾವಾಗ? ನೀನು ಸಿಗೋದೇ ಇವತ್ತು. ಸಿಮೆಂಟು ಒಂದೇ, ನೆಲ ಒಂದೇ, ಹಾಕೋ ಕೈ ಒಂದೇ. ಒಂದು ಟೈಲ್ಸ್ ಗಟ್ಟಿಯಾಗಿ ಕೂತು ಇನ್ನೊಂದು ಎದ್ದು ಬಂದ್ರೆ ತಪ್ಪು ಯಾರದು? ಟೈಲ್ಸಿಂದು. ಹಾಜರಿ ಬೇರೆ ಕಮ್ಮಿಯಂತೆ! ಹಾಜರಿ!"

ಮೂಲೆಯಲ್ಲಿ ಬೇಳೆ ಕಲಸಿಕೊಳ್ಳುತ್ತಿದ್ದ ಅಜ್ಜಿ ತಲೆ ಎತ್ತಿದಳು. ಕಣ್ಣು ಆಪರೇಷನ್ನಾದ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಕಿವಿ ಮಾತ್ರ ಮೊದಲಿನ ಹಾಗೇ. "ಯಾರಿಗೋ ಬಜಾರಿ ಅಂತೀಯ? ನನಗಾ?"

ಚೂಟಿ ಪಕ್ಕನೆ ನಕ್ಕಳು. ಅಪ್ಪನಿಗೂ ನಗು ಬಂತು, ಆದರೆ ಕೋಪ ಹೋಗಲಿಲ್ಲ. "ಅಲ್ವೇ ದೊಡ್ಡೋಳೇ, ಕೂತ್ಕೊಂಡು ಓದು ಅಂದ್ರೆ ನಿನಗೇನಾಗುತ್ತೆ?"

ದೊಡ್ಡವಳು ಅವನ ತಟ್ಟೆಗೆ ಅನ್ನ ಬಡಿಸುತ್ತಿದ್ದಳು. ಸೌಟು ಪಾತ್ರೆಯೊಳಗೆ ಇಟ್ಟು ಕೇಳಿದಳು: "ಯಾವಾಗಪ್ಪಾ ಕೂತ್ಕೊಳ್ಳೋದು?"

"ಏನಂದೆ?"

"ಬೆಳಿಗ್ಗೆ ನೀರು, ಅಡಿಗೆ. ಸಂಜೆ ಚೂಟಿ ಹೋಂವರ್ಕು, ಮತ್ತೆ ಅಡಿಗೆ, ಅಜ್ಜಿ ಔಷಧಿ. ಅಮ್ಮ ಬಂದ ಮೇಲೆ ಅವಳಿಗೆ ಬಡಿಸಿ ಮಲಗೋದು. ಯಾವಾಗ ಕೂತ್ಕೊಳ್ಳಲಿ ಹೇಳಿ."

ಅವಳು ಅಷ್ಟು ಉದ್ದ ಮಾತಾಡಿದ್ದು ಮನೆಯವರು ಕೇಳಿರಲೇ ಇಲ್ಲ. ಅಪ್ಪ ಸ್ವಲ್ಪ ಹೊತ್ತು ಅನ್ನದಲ್ಲಿ ಬೆರಳಾಡಿಸಿದ.

"ಸರಿ," ಅಂದ ಕೊನೆಗೆ. "ಇವತ್ತಿಂದ ಪರೀಕ್ಷೆ ಮುಗಿಯೋವರೆಗೆ ಇವಳು ಒಂದು ಲೋಟ ಕೂಡ ಎತ್ತಿಡೋ ಹಾಗಿಲ್ಲ. ಎಲ್ಲರೂ ಕೇಳಿಸ್ಕೊಂಡ್ರಾ? ಅಮ್ಮಾ, ನಿನಗೂ ಹೇಳ್ತಿರೋದು."

"ಕೇಳಿಸ್ತು, ಕೇಳಿಸ್ತು," ಅಂದಳು ಅಜ್ಜಿ. "ಇನ್ನೊಂಚೂರು ಬೇಳೆ ಹಾಕಿ."

ಅಮ್ಮ ಸೂಪರ್‌ವೈಸರನ್ನು ಕಾಡಿಬೇಡಿ ಬೆಳಗಿನ ಪಾಳಿಗೆ ಬದಲಾದಳು. ಆರಕ್ಕೆ ಹೋದರೆ ಎರಡೂವರೆಗೆ ಮನೆ. ಅಡಿಗೆಯ ಅರ್ಧ ಕೆಲಸ ಅಜ್ಜಿ ವಹಿಸಿಕೊಂಡಳು. ಒಂದು ದಿನ ಉಪ್ಪಿಲ್ಲ, ಒಂದು ದಿನ ಎರಡು ಸಲ ಉಪ್ಪು. ಅಪ್ಪ ಕೆಲಸಕ್ಕೆ ಹೋಗುವ ಮುಂಚೆ ತಾನೇ ನೀರು ಹಿಡಿದ. ಮಂಡಿ ಚಿಪ್ಪು ಸವೆದಿದ್ದರಿಂದ ಕೊಡ ಎತ್ತುವಾಗ ಬಾಯಿಂದ ಸದ್ದು ಬರುತ್ತಿತ್ತು.

ದೊಡ್ಡವಳು ಟ್ರಂಕಿನ ಮೇಲೆ ಪುಸ್ತಕ ಹರಡಿಕೊಂಡು ಕೂತಳು.

ಮೂರು ದಿನ ಕಳೆದವು. ಅಜ್ಜಿ ಬೀನ್ಸಿನ ನಾರು ತೆಗೆಯುತ್ತ ಅವಳನ್ನೇ ನೋಡುತ್ತಿದ್ದವಳು ಅಂದಳು: "ನನಗೆ ಕಿವಿ ಕೇಳಲ್ಲ, ಒಪ್ಕೋತೀನಿ. ಪುಟ ತಿರುಗಿಸೋದು ಕಣ್ಣಿಗಾದ್ರೂ ಕಾಣಬೇಕಲ್ಲೇ. ಆಗಿಂದ ಅದೇ ಪುಟ."

"ಅರ್ಥ ಆಗ್ತಿಲ್ಲ ಅಜ್ಜಿ."

"ಆಗದೇ ಇದ್ರೆ ಹಿಂದಿನ ಪುಟ ನೋಡು."

"ಅದೂ ಅರ್ಥ ಆಗ್ತಿಲ್ಲ."

ಹಿಂದಿನ ಪುಟ ಅರ್ಥವಾಗಬೇಕಾದರೆ ಒಂಬತ್ತನೇ ಕ್ಲಾಸಿನ ಲೆಕ್ಕ ಬರಬೇಕಿತ್ತು. ಅದಕ್ಕೆ ಎಂಟನೆಯದು. ಎಂಟರಲ್ಲಿದ್ದಾಗ ಚೂಟಿ ಒಂದರಿಂದ ಎರಡನೇ ಕ್ಲಾಸಿಗೆ ಹೋಗಿದ್ದಳು, ಇಂಗ್ಲಿಷ್ ಓದಲು ಕಲಿಯುತ್ತಿದ್ದಳು. ಅವಳಿಗಿಂತ ಒಂದು ಪಾಠ ಮುಂದಿರಬೇಕೆಂದು ದೊಡ್ಡವಳು ಸಂಜೆಯೆಲ್ಲಾ ಎರಡನೇ ಕ್ಲಾಸಿನ ಪುಸ್ತಕ ಕಲಿಯುತ್ತಿದ್ದಳು. ಎಂಟನೇ ಕ್ಲಾಸಿನದು ಹಾಗೇ ಉಳಿದಿತ್ತು.

"ಮೇಷ್ಟ್ರನ್ನ ಕೇಳು," ಅಂದಳು ಅಮ್ಮ.

"ಒಂದೂ ಗೊತ್ತಿಲ್ಲ ಅಂತ ಹೇಗಮ್ಮ ಕೇಳೋದು? ಒಂದು ಲೆಕ್ಕ ಬರದೇ ಇದ್ರೆ ಕೇಳಬಹುದು."

ಇತ್ತ ಚೂಟಿಯ ಡೈರಿಯಲ್ಲಿ ಕೆಂಪು ಶಾಯಿ ಕಾಣಿಸಿಕೊಳ್ಳತೊಡಗಿತು. ಅಮ್ಮ ಪ್ರತಿ ಸಂಜೆ ಅವಳ ಎದುರು ಕೂತು "ಓದು" ಅನ್ನುತ್ತಿದ್ದಳು. ಚೂಟಿ ಓದುತ್ತಿದ್ದಳು. ಓದಿದ್ದು ಸರಿಯೋ ತಪ್ಪೋ ಅಮ್ಮನಿಗೆ ತಿಳಿಯುತ್ತಿರಲಿಲ್ಲ. "ಚೆನ್ನಾಗಿ ಓದಿದೆ" ಅಂದರೆ ಚೂಟಿ ಸಿಡುಕುತ್ತಿದ್ದಳು: "ಅಕ್ಕ ಆಗಿದ್ರೆ ಮಧ್ಯೆ ನಿಲ್ಲಿಸಿ ಪ್ರಶ್ನೆ ಕೇಳ್ತಿದ್ಲು. ನೀನು ಸುಮ್ನೆ ತಲೆ ಆಡಿಸ್ತೀಯ."

ಆಮೇಲೆ ಲೆಕ್ಕದ ಪ್ರಾಜೆಕ್ಟು ಬಂತು. ವಿಸ್ತೀರ್ಣ. ಅಪ್ಪನಿಗೆ ಹುರುಪು ಬಂತು. "ಇದು ನನ್ನ ಸಬ್ಜೆಕ್ಟು! ಯಾರೂ ಕೈ ಹಾಕಬೇಡಿ." ಕಟ್ಟಡದಿಂದ ಟೈಲ್ಸ್ ಚೂರು ತಂದು, ಅಂಗೈಯಗಲದ ಚೌಕಗಳಾಗಿ ಕತ್ತರಿಸಿ, ಒಂದು ಹಲಗೆಯ ಮೇಲೆ ಅಂಟಿಸಿದ. ಸಂದಿಗೆ ಬಿಳಿ ಸಿಮೆಂಟು ಕೂಡ ತುಂಬಿದ.

"ಉದ್ದಕ್ಕೆ ಎಷ್ಟು?"

"ನಾಲ್ಕು."

"ಅಗಲಕ್ಕೆ?"

"ಮೂರು. ಒಟ್ಟು ಹನ್ನೆರಡು! ಓ, ಅದಕ್ಕೇನಾ ಗುಣಿಸೋದು?" ಚೂಟಿ ಎದ್ದು ಕುಣಿದಳು.

"ನೋಡಿದ್ಯೇನೇ?" ಅಪ್ಪ ಅಮ್ಮನ ಕಡೆ ತಿರುಗಿದ. "ಇಷ್ಟು ಸುಲಭಾನ ಇವರು ಅಷ್ಟು ದಪ್ಪ ಪುಸ್ತಕ ಮಾಡಿಟ್ಟಿದಾರೆ."

ಹಲಗೆ ಭಾರವಿತ್ತು. ಅಪ್ಪ ತಾನೇ ಹೆಗಲ ಮೇಲೆ ಹೊತ್ತು ಶಾಲೆಯ ಗೇಟಿನವರೆಗೆ ತಲುಪಿಸಿದ. ಸಂಜೆ ಚೂಟಿ ಮುಖ ಊದಿಸಿಕೊಂಡು ಬಂದಳು. ಬೇರೆ ಮಕ್ಕಳು ಬಣ್ಣದ ಚಾರ್ಟು ತಂದಿದ್ದರು. ಕಂಪ್ಯೂಟರಿನಲ್ಲಿ ತೆಗೆದ ಚಿತ್ರ, ಮಿನುಗುವ ಅಂಚು, ಇಂಗ್ಲಿಷಿನಲ್ಲಿ ವಿವರಣೆ. ಇವಳಿಗೆ ಇಪ್ಪತ್ತಕ್ಕೆ ಆರು.

"ಚಾರ್ಟ್ ಕೇಳಿದ್ವಿ, ನೆಲ ಅಲ್ಲ ಅಂದ್ರು ಲೆಕ್ಕದ ಮಿಸ್ಸು. ಎಲ್ಲರೂ ನಕ್ಕರು. ಅಪ್ಪಾ, ನೀವು ಇನ್ನು ಮೇಲೆ ಮಾಡ್ಕೊಡಬೇಡಿ."

ಅಪ್ಪ ಮಾರನೇ ದಿನ ಶಾಲೆಗೆ ಹೋಗಿ ಹಲಗೆ ವಾಪಸ್ಸು ತಂದು ಬಚ್ಚಲ ಬಾಗಿಲ ಮುಂದೆ ನೆಲಕ್ಕೆ ಹಾಕಿದ. ಕಾಲೂರಲು ಚೆನ್ನಾಗಿತ್ತು.

ಎರಡನೇ ವಾರದ ಕೊನೆಗೆ ಚೂಟಿ ಶಾಲೆಗೆ ಹೋಗುವುದೇ ಇಲ್ಲವೆಂದು ಹಟ ಹಿಡಿದಳು. ಇಂಗ್ಲಿಷ್ ಡಿಕ್ಟೇಷನ್ನಿನಲ್ಲಿ ತಪ್ಪು ಮಾಡಿದವರನ್ನು ಹೊರಗೆ ನಿಲ್ಲಿಸಿದ್ದರಂತೆ. ಚೀಟಿ ಸೀಟಿನ ನಾಲ್ವರಲ್ಲಿ ಇಬ್ಬರು ಆಗಲೇ ಶಾಲೆ ಬಿಟ್ಟಿದ್ದರು. ಇನ್ನು ಮುಂದೆ ಬಿಡೋಳು ನೀನೇ ಅಂತ ಪಕ್ಕದ ಹುಡುಗಿ ಹೇಳಿದಳಂತೆ.

ಮರುದಿನ ಅಮ್ಮ ಕೆಲಸಕ್ಕೆ ಹೊರಟವಳು ಊಟದ ಡಬ್ಬಿಯ ಚೀಲ ಮರೆತು ವಾಪಸ್ಸು ಬಂದಳು. ನಲ್ಲಿಯ ಹತ್ತಿರ ದೊಡ್ಡವಳು ಕೊಡ ತುಂಬಿಸುತ್ತಿದ್ದಳು. ಮೆಟ್ಟಿಲ ಮೇಲೆ ಚೂಟಿ ಹಲ್ಲುಜ್ಜುತ್ತ ಕೂತಿದ್ದಳು.

"ಬ್ಯೂಟಿಫುಲ್," ಅಂದಳು ದೊಡ್ಡವಳು.

ಚೂಟಿ ಬಾಯಲ್ಲಿ ನೊರೆ ಇಟ್ಟುಕೊಂಡೇ ಒಂದೊಂದು ಅಕ್ಷರ ಹೇಳಿದಳು.

"ಇ ಆದ ಮೇಲೆ ಎ, ಆಮೇಲೆ ಯು. ಮೂರೂ ಒಟ್ಟಿಗೆ ಕೈ ಹಿಡ್ಕೊಂಡಿರ್ತವೆ ಅಂದಿದ್ನಲ್ಲ? ಯಾರನ್ನೂ ಬಿಟ್ಟುಬಿಡಬೇಡ. ಇನ್ನೊಂದ್ಸಲ."

ಅಮ್ಮ ಗೋಡೆಯ ಮರೆಯಲ್ಲಿ ನಿಂತಳು. ಒಂದು ಮಾತು ಅಂದಿದ್ದರೆ ಸಾಕಿತ್ತು: ನೀನು ಒಳಗೆ ಹೋಗಿ ಓದ್ಕೋ. ಅಪ್ಪನ ಅಪ್ಪಣೆಯೂ ಅದೇ ಇತ್ತು. ಅಮ್ಮ ಅನ್ನಲಿಲ್ಲ. ಚೀಲವನ್ನೂ ತೆಗೆದುಕೊಳ್ಳದೆ, ಸದ್ದಾಗದ ಹಾಗೆ ಹಿಂದಕ್ಕೆ ಹೋದಳು. ಎದೆ ಹಗುರಾಗಿತ್ತು. ಆ ದಿನವೆಲ್ಲಾ ಹಸಿವಿನಲ್ಲೇ ಕೆಲಸ ಮಾಡಿದಳು.

ಮುಂದಿನ ಶನಿವಾರ ಚೂಟಿಯ ಶಾಲೆಯಲ್ಲಿ ಪೋಷಕರ ಸಭೆ. ನಾಲ್ಕು ವರ್ಷದಿಂದ ದೊಡ್ಡವಳೇ ಹೋಗುತ್ತಿದ್ದಳು. ಈ ಸಲ ಅಮ್ಮ ರಜೆ ಹಾಕಿ, ಒಳ್ಳೆಯ ಚಪ್ಪಲಿ ಮೆಟ್ಟಿ ತಾನೇ ಹೋದಳು. ಕಾರಿಡಾರಿನಲ್ಲಿ ಸೆಂಟಿನ ವಾಸನೆ. ಗಂಡ ಹೆಂಡತಿಯರು ಜೋಡಿಯಾಗಿ ಬಂದು ಮಿಸ್ಸುಗಳ ಜೊತೆ ಇಂಗ್ಲಿಷಿನಲ್ಲಿ ಜಗಳದ ಹಾಗೆ ಮಾತಾಡುತ್ತಿದ್ದರು. ಅಮ್ಮ ಕೊನೆಯವಳಾಗಿ ಕೂತಳು.

"ನೀವು...?" ಅಂದರು ಕ್ಲಾಸ್ ಮಿಸ್ಸು.

"ತಾಯಿ, ಮಿಸ್."

"ಹೌದಾ! ಈ ವರ್ಷವೆಲ್ಲಾ ಅವಳ ಚಿಕ್ಕಮ್ಮ ಬರ್ತಿದ್ರು. ಸಣ್ಣಗೆ, ಕನ್ನಡಕ ಇಲ್ಲದೆ ಕಣ್ಣು ಕಿರಿದು ಮಾಡಿ ನೋಡ್ತಾರಲ್ಲ, ಅವರು."

ಅಮ್ಮನಿಗೆ ಎರಡು ಹೊಸ ವಿಷಯ ಒಟ್ಟಿಗೆ ತಿಳಿದವು. ಮಗಳು ಇಲ್ಲಿ ತನ್ನನ್ನು ಚಿಕ್ಕಮ್ಮ ಅಂತ ಹೇಳಿಕೊಂಡಿದ್ದಾಳೆ. ಮಗಳಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ.

"ಅವಳು ಚಿಕ್ಕಮ್ಮ ಅಲ್ಲ ಮಿಸ್. ದೊಡ್ಡ ಮಗಳು."

"ಮಗಳಾ? ಎಷ್ಟು ವಯಸ್ಸು?"

"ಹದಿನಾರು."

ಮಿಸ್ಸು ನಕ್ಕರು. "ನಮ್ಮೆಲ್ಲರಿಗಿಂತ ಚೆನ್ನಾಗಿ ಪಾಠ ಮಾಡ್ತಾಳೆ ಅವಳು. ಒಂದ್ಸಲ ಭಿನ್ನರಾಶಿ ಹೇಗೆ ಹೇಳ್ಕೊಡ್ತೀರಿ ಅಂತ ಕೇಳಿ, ಇಲ್ಲೇ ಕೂತು ಬರ್ಕೊಂಡು ಹೋದ್ಲು. ವಾರ ಬಿಟ್ಟು ನೋಡಿದ್ರೆ ಮಗು ಬಾಯಲ್ಲಿ ನನಗಿಂತ ಸುಲಭವಾಗಿ ಬಂತು. ಡೈರೀಲಿ ಬರೀತಿದ್ದದ್ದೂ ಅವಳೇನಾ?" ಅವರು ಹಾಳೆ ತಿರುಗಿಸಿದರು. "ಇದು ನೋಡಿ, ಆಗಸ್ಟಿನದು. ನಾನಿದನ್ನ ಸ್ಟಾಫ್ ರೂಮಲ್ಲಿ ಎಲ್ಲರಿಗೂ ತೋರಿಸಿದ್ದೆ."

ಅಮ್ಮ ಡೈರಿಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡಿದಳು. ಮಿಸ್ಸಿಗೆ ಅರ್ಥವಾಯಿತು. ವಾಪಸ್ಸು ತೆಗೆದುಕೊಂಡು ಮೆಲ್ಲಗೆ ಓದಿದರು:

"ಮಾನ್ಯ ಮಿಸ್, ಮಗುವಿಗೆ ಮೂರು ದಿನದಿಂದ ಜ್ವರ. ನಾನು ಪಕ್ಕದಲ್ಲಿ ಕೂತು ಪಾಠಗಳನ್ನು ಓದಿದ್ದೇನೆ, ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಿದ್ದಾಳೆ. ಬರೆಯುವುದು ಮಾತ್ರ ಬಾಕಿ ಇದೆ. ಬಂದ ದಿನ ದಯವಿಟ್ಟು ಹೊರಗೆ ನಿಲ್ಲಿಸಬೇಡಿ. ಇಂತಿ, ಮಗುವಿನ ತಾಯಿ."

ಅಮ್ಮ ತಲೆ ತಗ್ಗಿಸಿದಳು.

"ಯಾವ ಕಾಲೇಜಮ್ಮ ಅವಳದು?"

"ಹತ್ತನೇ ಕ್ಲಾಸು."

"ಓ, ಈ ವರ್ಷವೇ ಪರೀಕ್ಷೆ! ನೀವು ಯೋಚನೇನೇ ಮಾಡಬೇಡಿ, ಇಂಥ ಹುಡುಗಿ ಎಲ್ಲಿ ಹೋದ್ರೂ ಮೇಲೆ ಬರ್ತಾಳೆ. ಟೀಚರ್ ಟ್ರೈನಿಂಗ್ ಮಾಡಿಸಿ. ನಾನು ಹೇಳಿದೆ ಅಂತ ಅವಳಿಗೆ ಹೇಳಿ."

"ಹೇಳ್ತೀನಿ ಮಿಸ್."

ಮನೆಗೆ ಬಂದಾಗ ದೊಡ್ಡವಳು ಬಾಗಿಲಲ್ಲೇ ಕೇಳಿದಳು: "ಏನಂದ್ರಮ್ಮ?"

"ಚೂಟಿ ಚೆನ್ನಾಗಿ ಓದ್ತಿದಾಳಂತೆ," ಅಂದಳು ಅಮ್ಮ. "ಎರಡು ವಾರ ಮಾತ್ರ ಹಿಂದೆ ಬಿದ್ದಿದ್ಲಂತೆ."

ಅಷ್ಟೇ ಹೇಳಿದಳು. ಚಪ್ಪಲಿ ಬಿಚ್ಚಿ ಒಳಗೆ ಹೋದಳು.

ಅಪ್ಪನಿಗೆ ಮಾತ್ರ ಸಂಜೆ ಟೀ ಕೊಡುವಾಗ ಅಂದಳು: "ಆವತ್ತು ಟೈಲ್ಸಿಂದು ತಪ್ಪು ಅಂದ್ರಲ್ಲ ನೀವು."

"ಏನೀಗ?"

"ಹಸಿ ಸಿಮೆಂಟಿನ ಮೇಲೆ ಕೂರಿಸಿದ ಟೈಲ್ಸಿನ ಮೇಲೆ ಕಾಲಿಟ್ರೆ ಏನಾಗುತ್ತೆ?"

"ಏಳುತ್ತೆ. ಯಾವನಾದ್ರೂ ಇಡ್ತಾನಾ?"

"ನಾವು ಇಟ್ವಿ. ಅವಳ ಮೇಲೆ ನಿಂತ್ಕೊಂಡೇ ಚಿಕ್ಕೋಳನ್ನ ಕೂರಿಸಿದ್ವಿ."

ಅಪ್ಪ ಟೀ ಲೋಟ ಹಿಡಿದೇ ಕೂತ. ಕುಡಿದದ್ದು ಪೂರ್ತಿ ಆರಿದ ಮೇಲೆ. ಆವತ್ತಿನಿಂದ ಅವನು ಅವಳನ್ನು ಬೈಯಲಿಲ್ಲ. ಕೆಲಸದಿಂದ ಬರುವಾಗ ಅವಳಿಗೊಂದು ಮೊಟ್ಟೆ ತರುತ್ತಿದ್ದ, "ಓದೋರು ತಿನ್ನಬೇಕು" ಅಂತ. ಅವಳು ಅದನ್ನು ಎರಡು ಮಾಡಿ ಚೂಟಿಗೆ ಅರ್ಧ ಕೊಡುತ್ತಿದ್ದಳು. ಅಪ್ಪ ಎರಡು ತರತೊಡಗಿದ. ಕನ್ನಡಕವನ್ನೂ ಮಾಡಿಸಿದರು. ಹಾಕಿಕೊಂಡ ಮೊದಲ ದಿನ ಅವಳು ಶಾಲೆಯಿಂದ ಬಂದು, "ಬೋರ್ಡ್ ಮೇಲೆ ಇಷ್ಟೊಂದು ಬರೀತಾರಾ!" ಅಂದಳು. ಪರೀಕ್ಷೆಗೆ ಆಗ ಉಳಿದಿದ್ದದ್ದು ಇಪ್ಪತ್ತು ದಿನ.

ಎರಡೂ ಶಾಲೆಗಳಲ್ಲಿ ಪರೀಕ್ಷೆ ಒಂದೇ ವಾರ ಬಿತ್ತು. ಸಂಜೆ ಇಬ್ಬರೂ ಎದುರುಬದುರು ಕೂರುತ್ತಿದ್ದರು. ದೊಡ್ಡವಳ ಪುಸ್ತಕ ತೊಡೆಯ ಮೇಲೆ ತೆರೆದಿರುತ್ತಿತ್ತು, ಬಾಯಿ ಚೂಟಿಗೆ ಪ್ರಶ್ನೆ ಕೇಳುತ್ತಿತ್ತು. ಅಮ್ಮ ಒಲೆಯ ಹತ್ತಿರದಿಂದ ನೋಡುತ್ತಿದ್ದಳು.

ಚೂಟಿ ಕ್ಲಾಸಿಗೆ ಎರಡನೆಯವಳಾಗಿ ಐದಕ್ಕೆ ಹೋದಳು. ದೊಡ್ಡವಳು ಲೆಕ್ಕ, ವಿಜ್ಞಾನ, ಇಂಗ್ಲಿಷ್ ಮೂರರಲ್ಲಿ ಫೇಲಾದಳು. ಇಂಗ್ಲಿಷಿನಲ್ಲಿ ಬರೀ ಎರಡು ಅಂಕಕ್ಕೆ ಹೋಗಿತ್ತು.

ಫಲಿತಾಂಶದ ದಿನ ಯಾರೂ ಜಗಳ ಆಡಲಿಲ್ಲ. ಅಜ್ಜಿ ಒಬ್ಬಳೇ ಜೋರಾಗಿ ಅತ್ತಳು. "ನನ್ನ ಕಣ್ಣಿಗೋಸ್ಕರ ಏಳು ದಿನ ಕೂತ್ಲಲ್ಲೋ," ಅಂತ. ದೊಡ್ಡವಳು ಅವಳ ಕಣ್ಣಿಗೆ ಔಷಧಿ ಹಾಕಿ, "ಅಳಬಾರದು ಅಂದಿದಾರೆ ಡಾಕ್ಟ್ರು, ಸುಮ್ನಿರಿ," ಅಂದಳು.

"ಮರುಪರೀಕ್ಷೆ ಇದೆಯಂತೆ," ಅಂದ ಅಪ್ಪ. "ಅರ್ಜಿ ಹಾಕು. ಮೂರು ತಾನೇ?"

"ಹೂಂ, ಹಾಕ್ತೀನಪ್ಪ," ಅಂದಳು. ಒಂದು ವಾರ ಬಿಟ್ಟು ಕೇಳಿದ್ದಕ್ಕೆ, ಹಾಕಿದೆ ಅಂದಳು.

ಆಮೇಲೆ ಒಂದು ಸೋಮವಾರ. ಲಾಂಡ್ರಿಯಲ್ಲಿ ಅಮ್ಮ ಹಾಸಿಗೆ ಬಟ್ಟೆಗಳ ಗಾಡಿ ತಳ್ಳಿಕೊಂಡು ಬಂದಾಗ, ಉಗಿಯ ರೋಲರಿನ ಆಚೆ ತುದಿಗೆ ಹೊಸದಾಗಿ ಒಬ್ಬಳು ನಿಂತಿದ್ದಳು. ನೀಲಿ ಕೋಟು ಮಂಡಿಯ ಕೆಳಗೆ ಬಂದಿತ್ತು. ಕನ್ನಡಕಕ್ಕೆ ಹಬೆ ಕಟ್ಟಿತ್ತು.

"ಯಾರನ್ನ ಕೇಳಿ ಬಂದೆ?" ಅಂದಳು ಅಮ್ಮ.

"ಸೂಪರ್‌ವೈಸರನ್ನ. ಎಷ್ಟು ಓದಿದೀಯ ಅಂದ್ರು. ಒಂಬತ್ತು ಪಾಸು ಅಂದೆ. ಕೈ ಚುರುಕಿದ್ರೆ ಸಾಕು ಅಂದ್ರು."

ರೋಲರಿನಿಂದ ಬಿಸಿ ಬಟ್ಟೆ ಹೊರಬಂತು. ದೊಡ್ಡವಳು ಎರಡು ಮೂಲೆ ಹಿಡಿದಳು. ಇನ್ನೆರಡು ಮೂಲೆ ಅಮ್ಮ ಹಿಡಿಯಲೇಬೇಕಾಯಿತು. ಜಗ್ಗಿ, ಮಡಚಿ, ಒಬ್ಬರ ಕಡೆಗೊಬ್ಬರು ನಡೆದು ಬಂದರು.

"ಮರುಪರೀಕ್ಷೆಗೆ ಇನ್ನು ಮೂರು ವಾರ ಇದೆ. ಮನೇಲಿ ಕೂತು ಓದೋದು ಬಿಟ್ಟು..."

"ನಾನು ಅರ್ಜಿ ಹಾಕಿಲ್ಲಮ್ಮ."

ಬಟ್ಟೆ ಗಾಡಿಗೆ ಬಿತ್ತು. ಮುಂದಿನದು ಬಂತು. ಇಬ್ಬರೂ ಹಿಂದಕ್ಕೆ ಹೋದರು, ಜಗ್ಗಿದರು, ಮತ್ತೆ ಎದುರಾದರು.

"ಹಾಕಿದೆ ಅಂದ್ಯಲ್ಲೇ!"

"ಸುಳ್ಳು ಹೇಳಿದೆ."

"ಯಾಕೆ? ಯಾಕೇಂತ ಕೇಳ್ತಿದೀನಿ!"

ದೊಡ್ಡವಳು ಕನ್ನಡಕ ತೆಗೆದು ಕೋಟಿಗೆ ಒರೆಸಿದಳು. "ಕೂತು ಓದಿ, ಮತ್ತೆ ಫೇಲಾದ್ರೆ, ನಾನು ದಡ್ಡಿ ಅಂತ ಗಟ್ಟಿ ಆಗಿಬಿಡುತ್ತೆ ಅಲ್ವಾಮ್ಮ? ಈಗಾದ್ರೆ ಓದೋಕೆ ಆಗ್ಲಿಲ್ಲ ಅಂತ ಅನ್ಕೋಬಹುದು. ಇದನ್ನಾದ್ರೂ ಇಟ್ಕೋತೀನಿ ಬಿಡು."

"ನೀನು ದಡ್ಡಿ ಅಲ್ಲ ಕಣೇ!" ಅಮ್ಮ ಕೂಗಿಯೇಬಿಟ್ಟಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. "ಚೂಟಿ ಮಿಸ್ಸೇ ಹೇಳಿದ್ರು. ತಮ್ಮೆಲ್ಲರಿಗಿಂತ ಚೆನ್ನಾಗಿ ಪಾಠ ಮಾಡ್ತೀಯಂತೆ. ಟೀಚರ್ ಟ್ರೈನಿಂಗ್ ಮಾಡಿಸಿ ಅಂದ್ರು. ಎಲ್ಲಿ ಹೋದ್ರೂ ಮೇಲೆ ಬರ್ತಾಳೆ ಅಂದ್ರು. ಅವಳಿಗೆ ಹೇಳಿ ಅಂದ್ರು."

ದೊಡ್ಡವಳು ಕನ್ನಡಕ ಹಾಕಿಕೊಂಡು ಅಮ್ಮನನ್ನು ನೋಡಿದಳು.

"ಯಾವಾಗ ಹೇಳಿದ್ರು?"

"ಆ ಮೀಟಿಂಗ್ ದಿನ."

"ಪರೀಕ್ಷೆಗೆ ಮುಂಚೆ?"

"ಹೂಂ."

"ನಾನು ಬಾಗಿಲಲ್ಲೇ ಕೇಳಿದ್ನಲ್ಲಮ್ಮ."

ಅಮ್ಮ ಏನಾದರೊಂದು ನೆಪ ಹೇಳಬಹುದಿತ್ತು. ಹೇಳಲಿಲ್ಲ. "ಹೇಳಿದ್ರೆ ನಿನ್ನ ಪಾಡಿಗೆ ನಿನ್ನನ್ನ ಬಿಡಬೇಕಾಗ್ತಿತ್ತು. ಚೂಟಿ ಕೈತಪ್ಪಿ ಹೋಗ್ತಾಳೆ ಅಂತ ಹೆದರಿದೆ. ಇಬ್ಬರಲ್ಲಿ ಒಬ್ಬಳಾದ್ರೂ ಅಂತ..."

ಮಾತು ಮುಗಿಯಲಿಲ್ಲ. ರೋಲರಿನಿಂದ ಮತ್ತೊಂದು ಬಟ್ಟೆ ಹೊರಬರುತ್ತಿತ್ತು, ಬಿಳಿಯದು, ಅಗಲವಾದದ್ದು. ದೊಡ್ಡವಳು ತನ್ನ ಕಡೆಯ ಎರಡು ಮೂಲೆಗಳನ್ನು ಹಿಡಿದು ಹಿಂದೆ ಹಿಂದೆ ಹೋದಳು. ಅಮ್ಮ ಕೈ ಇಳಿಬಿಟ್ಟು ನಿಂತೇ ಇದ್ದಳು.

"ಹಿಡ್ಕೋಮ್ಮ," ಅಂದಳು ಮಗಳು. "ನೆಲಕ್ಕೆ ತಾಗುತ್ತೆ."

ಅಮ್ಮ ಹಿಡಿದುಕೊಂಡಳು.